ಕಂಪ್ಯೂಟರಿನಲ್ಲಿ ನಿಂತ ಹೃದಯ

ಅಕ್ಕಾ,

ಇವತ್ತು ನಮ್ಮ ಪ್ರಯೋಗಾಲಯದ ಕಂಪ್ಯೂಟರಿನಲ್ಲಿ ನಿನ್ನ ಹೃದಯ ಬಡಿಯಿತು, ಕೇಳು. ಹೆಸರು ಅಳಿಸಿ ನಿನ್ನ ಆಸ್ಪತ್ರೆಯ ದಾಖಲೆಗಳನ್ನು ನಾನೇ ಕೊಟ್ಟಿದ್ದೆ. ಒಂದೊಂದೇ ಜೀವಕೋಶದ ಲೆಕ್ಕ ಹೆಣೆದು ಸ್ನಾಯು, ಸ್ನಾಯುವಿನಿಂದ ಇಡೀ ಹೃದಯ ಕಟ್ಟಿದೆವು. ನಿಜವಾದದ್ದು ನಿಂತ ಹೊತ್ತಿಗೇ ಇದೂ ನಿಂತರೆ ಲೆಕ್ಕ ಸರಿ. ನಿನ್ನದು ನಿಂತಂತೆಯೇ ಹನ್ನೊಂದೂ ನಲವತ್ತಕ್ಕೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

"ಯಾರೋ ಪುಣ್ಯಾತ್ಗಿತ್ತಿ, ನಮ್ಮ ಮಾನ ಉಳಿಸಿದ್ಲು ಕಣೇ!" ಎಂದಳು ಜೊತೆಯವಳು. "ಹತ್ತೂವರೆಗೇ ಔಷಧಿ ಕೊಟ್ಟಿದ್ರೆ ಏನಾಗ್ತಿತ್ತು, ನೋಡೋಣ್ವಾ?"

"ನೋಡು" ಎಂದೆ.

ಈ ಸಲ ಹೃದಯ ನಿಲ್ಲಲೇ ಇಲ್ಲ.

ಆ ದಿನ ನೀನು ಫೋನ್ ಮಾಡಿ ಎದೆ ಹಿಡಿದಂತಾಗಿದೆ ಎಂದದ್ದು ಹತ್ತು ಗಂಟೆಗೆ. "ಲೆಕ್ಕದ ಮಧ್ಯೆ ಇದ್ದೀನಿ, ಆಮೇಲೆ ಮಾಡ್ತೀನಿ ಕಣಕ್ಕಾ" ಎಂದಿದ್ದೆ.

ಕೊನೆಗೆ ಹೊರಡುವವರು ಕಂಪ್ಯೂಟರ್ ಆರಿಸಬೇಕೆಂಬುದು ಇಲ್ಲಿನ ಕಟ್ಟುನಿಟ್ಟಿನ ನಿಯಮ. ಇವತ್ತು ನಾನು ಆರಿಸಲಿಲ್ಲ.