ಮೊದಲು ಹತ್ತಿದವರು

ಶೈಲಜತ್ತೆ, ನೀವು ಆರಾಮ ಇದ್ದೀರೆಂದುಕೊಂಡಿದ್ದೇನೆ.

ನಾಗಪುರ ವಿಮಾನ ನಿಲ್ದಾಣದಲ್ಲಿ ಈಗ ನನಗೆ ಗೇಟಿನ ಕೆಲಸ. ಹೆಚ್ಚು ದುಡ್ಡು ಕೊಟ್ಟವರನ್ನು ಮೊದಲು ಬಿಡಬೇಕು. ಆದರೆ ಕರೆಯುವ ಮುಂಚೆಯೇ ಎಲ್ಲರೂ ಎದ್ದು ನುಗ್ಗುತ್ತಾರೆ, ಥೇಟ್ ಮದುವೆಮನೆಯ ಊಟದ ಬಾಗಿಲು! ನೀವು ಅಲ್ಲಿ ಅಡ್ಡ ನಿಲ್ಲುವ ಹಾಗೆಯೇ ನಾನೂ ನಿಲ್ಲುತ್ತೇನೆ.

ನಿನ್ನೆ ಇಲ್ಲಿನ ಇತವಾರಿ ಪೇಟೆಯ ಜವಳಿ ಸೇಠ್‌ಜಿಯೊಬ್ಬರು "ಜಾನೇ ದೋ, ಬೇಟಾ" ಎಂದು ಗೋಗರೆದರೂ ಅವರ ಸರದಿಗೆ ಮುಂಚೆ ಬಿಡಲಿಲ್ಲ. ಮೊದಲು ಹೋದವರೆಲ್ಲ ವಿಮಾನದವರೆಗೆ ಒಯ್ಯುವ ಬಸ್ಸಿನ ಒಳತುದಿಗೆ ಸೇರಿಕೊಂಡರು. ಕೊನೆಗೆ ಹತ್ತಿದ ಸೇಠ್‌ಜಿ ಬಾಗಿಲಲ್ಲೇ ನಿಂತಿದ್ದರು, ಹಾಗಾಗಿ ವಿಮಾನದ ಮೆಟ್ಟಿಲನ್ನು ಮೊದಲು ಏರಿದವರು ಅವರೇ! ಮೇಲಿನಿಂದ ತಿರುಗಿ, ಗಾಜಿನ ಹಿಂದಿದ್ದ ನನಗೆ ಕೈಮುಗಿದರು.

ನಿಂತು ನಿಂತು ಹಿಮ್ಮಡಿ ನೋಯುತ್ತದೆ, ಉಳಿದಂತೆ ಚೆನ್ನಾಗಿದ್ದೇನೆ. ಕಾರ್ಡು ತುಂಬಿತು. ದೀಪಾವಳಿಗೆ ನೀವು ಬಂದು ಹೋಗುವಾಗ, ನಿಮ್ಮನ್ನು ಎಲ್ಲರಿಗಿಂತ ಕೊನೆಗೇ ಬಿಡುತ್ತೇನೆ. ಸಿಟ್ಟಾಗಬೇಡಿ.

ನಿಮ್ಮ ಗ್ರೀಷ್ಮಾ