ಬಿಬಿ ಜಾನಳ ಬಟ್ಟಲುಗಳು

ಮದ್ದೂರು, ೭ ಮಾರ್ಚಿ ೧೯೪೪, ಮಂಗಳವಾರ

ತಮ್ಮಾ ದೊಡ್ಡಸಿದ್ದಯ್ಯ, ಪೂರಿಗಾಲಿಯಲ್ಲಿ ಎಲ್ಲಾ ಹೆಂಗಿದ್ದೀರಪ್ಪ? ಚಿಕ್ಕಮಾದಮ್ಮನ ಮಂಡಿನೋವು? ಚಲುವರಾಜನ ಕೆಮ್ಮು?

ಕೇಳಿದರೂ ಈ ಕಾಗದ ಸದ್ಯಕ್ಕೆ ನಿನ್ನ ಕೈ ಸೇರದು. ಮೊಮ್ಮಗಳು ಕೆಂಪಿಗೆ ಮೈತುಂಬ ಸಿಡುಬು. ಅಮ್ಮ ಬಂದವಳೆ. ಬಾಗಿಲಿಗೆ ಬೇವು ಕಟ್ಟಿದೆ. ಮಗೂಗೆ ಮೂರನೇ ಸಲ ತಲೆಗೆ ನೀರು ಹಾಕುವ ತನಕ ಈ ಮನೆಯಿಂದ ಒಂದು ಕಡ್ಡಿಯೂ ಆಚೆ ಹೋಗಕೂಡದು. ಕಾಗದವೂ. ಅದಕ್ಕೇ ದಿನಕ್ಕಿಷ್ಟು ಬರೆದು ಪೆಟ್ಟಿಗೆಗೆ ಹಾಕ್ತೀನಿ.

ಮಾರ್ಚಿ ೯

ಎದುರುಮನೆ ಬಿಬಿ ಜಾನ್ ಜಗಲಿ ಮೇಲೆ ಬಟ್ಟಲಿಟ್ಟು ದೂರ ನಿಂತಳು. ಅಕ್ಕಿನುಚ್ಚು, ಮೇಲೊಂದು ಬೆಲ್ಲದ ಚೂರು.

"ಬೇಯ್ಸಿಲ್ಲ ಕಣಕ್ಕಯ್ಯ. ನಮ್ಮ ಒಲೇದು ನೀವು ಉಣ್ಣಾಕಿಲ್ಲ, ನಂಗೊತ್ತಿಲ್ವಾ?"

ನಕ್ಕೊಂಡೇ ಅಂದಳು. ನನಗೆ ಚುಚ್ಚಿತು.

ಬಟ್ಟಲು ವಾಪಸು ಕೊಡುವಂತಿಲ್ಲ. ಕೊಟ್ಟರೂ ಬರಿದಾಗಿ ಕೊಡೋದುಂಟಾ? ಒಂದು ಚಿಟಿಕೆ ಉಪ್ಪಾದರೂ ಹಾಕದೆ ಯಾರ ಪಾತ್ರೆ ಕೊಟ್ಟಿದ್ದೀನಿ ನಾನು?

ಮಾರ್ಚಿ ೧೪

ಸೊಂಟ ಹಿಡಿದು ಏಳಲಾಗಲಿಲ್ಲ. ಒಲೆ ಹೊತ್ತಿಲ್ಲ. ಮಧ್ಯಾಹ್ನ ಜಗಲಿ ಮೇಲೆ ಬಿಸಿ ಗಂಜಿ.

"ಮಗೀಗಾದ್ರೂ ಕುಡ್ಸಿ. ನಾನು ಆ ಕಡೆ ತಿರುಕ್ಕೊಂಡಿರ್ತೀನಿ ಬುಡಿ!"

ಕೆಂಪಿ ಕುಡಿದಳು. ಮಿಕ್ಕಿದ್ದು ನಾನು ಕುಡಿದೆ. ಯಾರಿಗೂ ಹೇಳಬೇಡ.

ಮೂಲೇಲಿ ಅವಳ ಬಟ್ಟಲು ಸಾಲುಗಟ್ಟಿವೆ. ಬರೀ ಇಸಕೊಳ್ಳೋದೇ ಆಯ್ತು. ಅವಳ ಮೇಲೆ ಸಿಟ್ಟೂ ಬರುತ್ತೆ... ಒಳ್ಳೇದು ಮಾಡಿದವರ ಮೇಲೆ ಸಿಟ್ಟು ಯಾಕೆ ಬರುತ್ತೋ?

ಮಾರ್ಚಿ ೧೬

ಇವತ್ತು ತೆಂಗಿನ ಚಿಪ್ಪಲ್ಲಿ ಗಂಜಿ. ಅವಳ ಮನೇಲಿ ಬಟ್ಟಲು ಮುಗಿದಿವೆ.

ಮಾರ್ಚಿ ೨೧

ಬಿಬಿ ಜಾನ್ ಸುಳಿವಿಲ್ಲ. ಕಿಟಕಿಯಿಂದ ನೋಡಿದೆ. ಅವರ ಬಾಗಿಲಿಗೂ ಬೇವು—ಯಾರು ಕಟ್ಟಿದರೋ. ಮಗ ನಯಾಜ್ ಮೈಸೂರಲ್ಲಿ. ಒಳಗೆ ಒಬ್ಬಳೇ. ಆ ಕಡೆ ಯಾರೂ ಕಾಲಿಡುತ್ತಿಲ್ಲ.

ನಾನು ಬಾಗಿಲು ತೆಗೆದದ್ದೇ ಪಕ್ಕದ ಮನೆ ಪುಟ್ಟಸ್ವಾಮಿ ಕೂಗಿದ: "ಅಮ್ಮೋ, ಮೊದಲ್ನೇ ನೀರೇ ಆಗಿರೋದು! ಒಸ್ಲು ದಾಟ್ಬ್ಯಾಡಿ!"

"ನನ್ನ ಮುಖ ನೋಡ್ಲಾ. ಚಿಕ್ಕಂದಲ್ಲೇ ಅಮ್ಮ ಕೆತ್ತಿ ಓಗವಳೆ. ಇನ್ನೆಲ್ಲೈತೆ ಜಾಗ?"

"ನಿಮ್ಗಲ್ಲ ಕಣಮ್ಮ. ಅಮ್ಮ ಮುನ್ಕೊಂಡು ಕೆಂಪಿ ಮೇಲೆ ತಿರುಗಿ ಬಂದ್ರೆ?"

ಬಾಗಿಲು ಹಾಕಿಕೊಂಡೆ.

ಮಾರ್ಚಿ ೨೨, ಬೆಳಿಗ್ಗೆ

ಇವತ್ತೂ ಅವರ ಹೆಂಚಿನ ಮೇಲೆ ಹೊಗೆ ಏಳಲಿಲ್ಲ.

ಕೆಂಪಿ ಹಣೆ ಮುಟ್ಟಿದೆ. ತಣ್ಣಗಿದೆ. ಮತ್ತೆ ಮುಟ್ಟಿದೆ.

ಬಟ್ಟಲೆಲ್ಲಾ ಕುದಿಸಿ ತೊಳೆದೆ. ಒಂದರಲ್ಲಿ ಗಂಜಿ. ಮಿಕ್ಕವೂ ಬರಿದಲ್ಲ—ಉಪ್ಪು, ಬೆಲ್ಲ, ನುಚ್ಚು, ಮನೇಲಿ ಇದ್ದದ್ದು. ಅಮ್ಮಾ ತಾಯಿ, ಮುನಿಯೋದಾದರೆ ನನ್ನ ಮೇಲೆ ಮುನಿ. ಮಗೂನ ಬುಡು.

ತಮ್ಮಾ, ಮೂರನೇ ನೀರಾದ ಮೇಲೆ ಈ ಕಾಗದ ನಿನಗೆ ಬರುತ್ತೆ. ನಾನು ಮಾಡಿದ್ದು ಸರಿಯೋ ತಪ್ಪೋ, ಎರಡು ಸಾಲು ಬೇಗ ಬರಿ. ಗಂಜಿ ಆರ್ತಾ ಇದೆ, ಬಾಗಿಲು ತೆಗೀತೀನಿ—