ಒಂದು ಎಕರೆ ಇಪ್ಪತ್ತು

ಜನವರಿ 6, ಸೋಮವಾರ

ಬಂಡ್ರಿಯ ಹೊಲದ ನಕ್ಷೆ ಮುಗಿಯಿತು. ಮುನ್ನೂರ ಹನ್ನೆರಡು ಪಾಯಿಂಟ್. ಎಂದಿನಂತೆ ಇವರು ಪಕ್ಕದಲ್ಲಿ ಕೂತು ಫೀಲ್ಡ್ ಬುಕ್ ಓದಿದರು, ನಾನು ಗೆರೆ ಎಳೆದೆ. "ನಲವತ್ತೊಂದರಿಂದ ನಲವತ್ತೇಳು ಬದು. ಅಲ್ಲಿಂದ ಹುಣಸಿಗಿಡ. ಅಲ್ಲೇ ಒಬ್ಬ ಮುದುಕ ಬೈದ." ಬೈದದ್ದನ್ನು ನಕ್ಷೆಯಲ್ಲಿ ಎಲ್ಲಿ ಹಾಕಲಿ ಎಂದೆ. ನಕ್ಕರು. ಹದಿನೇಳು ವರ್ಷದಿಂದ ಹೀಗೇ. ಗಂಡ ಹೊಲದಲ್ಲಿ ಅಳೆದು ಬರುತ್ತಾರೆ, ಹೆಂಡತಿ ಹೊಸಪೇಟೆಯ ಈ ಹತ್ತಡಿ ಆಫೀಸಿನಲ್ಲಿ ಕೂತು ಕಂಪ್ಯೂಟರಿನ ಕ್ಯಾಡ್‌ನಲ್ಲಿ ಬಿಡಿಸುತ್ತಾಳೆ. ಬೋರ್ಡಿನ ಮೇಲೆ 'ಲಿಂಗರಾಜ್, ಲೈಸೆನ್ಸ್ಡ್ ಸರ್ವೇಯರ್' ಅಂತ ಮಾತ್ರ ಇದೆ. ಅನುಸೂಯಾ ಎಲ್ಲೂ ಇಲ್ಲ. ಇರಲಿ.

ಸಂಜೆ ಹೇಳಿದರು: ಹಳೇ ಕ್ಯಾಡ್ ಸಾಕು, ಸರ್ವೇಗಂತಲೇ ಮಾಡಿದ ಹೊಸ ಸಾಫ್ಟ್‌ವೇರ್ ನೋಡೋಣ. ಹೊಲದಲ್ಲೇ ಅಳತೆಯ ಮಷೀನ್‌ನಲ್ಲಿ ಬದುವಿಗೊಂದು, ದಾರಿಗೊಂದು ಕೋಡ್ ಒತ್ತಿ ಬಂದರೆ ಇಲ್ಲಿ ಗೆರೆ ತಾನೇ ಬೀಳುತ್ತದಂತೆ. ಮೂವತ್ತು ದಿನ ಟ್ರಯಲ್, ಪುಕ್ಕಟೆ. "ಬಿಡ್ಸಾಕಿ ನೀನು. ನೀನು ಹೂಂ ಅಂದ್ರ ತಗೊಳ್ಳೋಣ, ಬ್ಯಾಡ ಅಂದ್ರ ಬಿಡೋಣ" ಅಂದರು.

ಯಾರು ಹೇಳಿದ್ದು ಇದನ್ನು ಎಂದೆ. ಸ್ನೇಹಾ ಅಂತೆ. ಸಂಡೂರಿನ ಯಾವುದೋ ಗಣಿ ಕಂಪನಿಯಲ್ಲಿ ಸರ್ವೇ ವಿಭಾಗ. ಡಿಸೆಂಬರಿನ ಸರ್ವೇಯರ್ ಟ್ರೇನಿಂಗ್‌ನಲ್ಲಿ ಪರಿಚಯ. ಈ ಹೆಸರು ಒಂದು ವಾರದಲ್ಲಿ ನಾಲ್ಕನೇ ಸಲ ಕೇಳುತ್ತಿದ್ದೇನೆ.

ಜನವರಿ 8, ಬುಧವಾರ

ಬಂದಿದ್ದಳು. ಸ್ನೇಹಾಗೆ ಇಪ್ಪತ್ತೆಂಟು ಇರಬಹುದು. ರಜೆ ಹಾಕಿ, ಸಂಡೂರಿನಿಂದ ಬಸ್ಸಿನಲ್ಲಿ, ಬರೀ ಇನ್‌ಸ್ಟಾಲ್ ಮಾಡಿಕೊಡಲಿಕ್ಕೆ. ನನ್ನ ಕುರ್ಚಿಯಲ್ಲೇ ಕೂತಳು. ಎತ್ತರ ಸಾಲದೆಂದು ಏರಿಸಿಕೊಂಡಳು. ಇವರಿಗೆ 'ಸರ್', ನನಗೆ 'ಅಕ್ಕಾ'. ನನಗೆ ನಲವತ್ತೆರಡು, ಅಕ್ಕ ಅನ್ನದೆ ಇನ್ನೇನು ಅನ್ನಬೇಕಿತ್ತು? ಆದರೂ ಚುಚ್ಚಿತು.

ಬಂಡ್ರಿಯ ಅದೇ ಪಾಯಿಂಟ್‌ಗಳನ್ನು ಹಾಕಿ ತೋರಿಸಿದಳು. ನನಗೆ ಎರಡು ದಿನ ಹಿಡಿದ ಕೆಲಸ. ಕೋಡ್ ತುಂಬಿದಳು, ಒತ್ತಿದಳು… ಬದು, ದಾರಿ, ಹಳ್ಳ, ಕರೆಂಟ್ ಕಂಬ ಎಲ್ಲ ಬಂದು ನಿಂತವು. ನಾನು ಇಟ್ಟ ಚಹಾ ಇನ್ನೂ ಬಿಸಿ ಇತ್ತು. ಇವರು "ಮಸ್ತ್" ಅಂದರು. ಮೂರು ಸಲ. ನನ್ನ ನಕ್ಷೆ ಮುಗಿದಾಗ "ಆತಾ?" ಅಂತ ಕೇಳುತ್ತಾರೆ, ಅಷ್ಟೇ.

ಉಪ್ಪಿಟ್ಟು ಕೊಟ್ಟೆ. ತಿಂದು ತಟ್ಟೆ ತೊಳೆದಿಟ್ಟು ಹೋದಳು. ಕೆಟ್ಟವಳಾಗಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು.

ಜನವರಿ 11, ಶನಿವಾರ

ನಿಜ ಬರೆಯಬೇಕು. ಸಾಫ್ಟ್‌ವೇರ್ ಚೆನ್ನಾಗಿದೆ. ಹಳೇದರಲ್ಲಿ ಕಣ್ಣು ಕಿತ್ತು ಹೋಗುವ ಕೆಲಸ ಇದರಲ್ಲಿ ಆಟ. ನಮ್ಮ ಹಳೇ ಫೈಲ್ ತೆರೆಯುತ್ತದೆ, ಪ್ರಿಂಟ್ ನೀಟು, ಕಂಪ್ಯೂಟರ್ ಹ್ಯಾಂಗ್ ಆಗುವುದಿಲ್ಲ. ದೋಷ ಹುಡುಕಲೆಂದೇ ಮೂರು ದಿನ ಕೂತೆ. ಸಿಕ್ಕಿದ್ದು ಒಂದೇ, ಕನ್ನಡ ಅಕ್ಷರಗಳು ಸ್ವಲ್ಪ ಒಡೆಯುತ್ತವೆ. ಫಾಂಟ್ ಬದಲಿಸಿದೆ, ಅದೂ ಸರಿಹೋಯಿತು. ಹಾಳಾದ್ದು.

ಇವರು ಹೊಲದಿಂದ ಬಂದು ಪೆನ್‌ಡ್ರೈವ್ ಮೇಜಿನ ಮೇಲಿಟ್ಟು ಕೈಕಾಲು ತೊಳೆಯಲು ಹೋಗುತ್ತಾರೆ. ಪಕ್ಕದಲ್ಲಿ ಕೂರುವ ಕೆಲಸವೇ ಇಲ್ಲ. ಯಾರು ಬೈದರು, ಯಾರು ಮಜ್ಜಿಗೆ ಕೊಟ್ಟರು, ಯಾರ ನಾಯಿ ಅಟ್ಟಿಸಿಕೊಂಡು ಬಂತು, ಒಂದೂ ತಿಳಿಯದು. ಆಮೇಲೆ ಹೊರಗೆ ನಿಂತು ಆಕೆಗೆ ಫೋನ್. ಕೋಡ್ ಕಲಿಯುತ್ತಾರಂತೆ. ಕೋಡ್ ಕಲಿಯಲು ಅಷ್ಟು ನಗಬೇಕೇ?

ಜನವರಿ 14, ಸಂಕ್ರಾಂತಿ

ಹಂಪಿ. ಹೊಳೆಯಲ್ಲಿ ಸ್ನಾನ, ದಂಡೆಯ ಬಂಡೆಯ ಮೇಲೆ ಊಟ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಸಿಹಿಗೆ ಮಾದಲಿ. ಬೆಳಿಗ್ಗೆ ನಾಲ್ಕಕ್ಕೆದ್ದು ಮಾಡಿದ್ದೆ. ಇವರು ಎರಡನೇ ರೊಟ್ಟಿ ಮುರಿಯುವಾಗ ಆಕೆಯ ಮೆಸೇಜ್, ಹಬ್ಬದ ಶುಭಾಶಯ. ನನಗೂ ಬಂದಿತ್ತು, ಅದೇ ಚಿತ್ರ. ಇವರು ಉತ್ತರ ಬರೆಯುತ್ತ ಕೂತರು. ಎಣ್ಣೆಗಾಯಿ ಹೇಗಿದೆ ಎಂದು ಕೇಳಿದೆ. "ಹೂಂ, ಕೋಡ್ ಕಲಿತೀನಿ" ಅಂದರು.

ಇದು ಹೊಟ್ಟೆಕಿಚ್ಚು. ಬೇರೆ ಹೆಸರಿಡುವುದು ಬೇಡ. ಇವರು ದಾರಿ ತಪ್ಪುವವರಲ್ಲ, ಆಕೆ ತಪ್ಪಿಸುವವಳೂ ಅಲ್ಲ. ಗೊತ್ತು. ಗೊತ್ತಿದ್ದರೂ ಉರಿಯುತ್ತದೆ.

ಜನವರಿ 16, ಗುರುವಾರ

ಎಮ್ಮಿಗನೂರಿನ ಕೆಲಸ. ಮೂಕಪ್ಪ ಅಂತ ರೈತ, ಅವನ ಅಕ್ಕ ದುರುಗವ್ವ. ನಾಲ್ಕು ಎಕರೆ ಹತ್ತು ಗುಂಟೆ ಗದ್ದೆ. ಅದರಲ್ಲಿ ಅಕ್ಕನಿಗೆ ಒಂದು ಎಕರೆ ಇಪ್ಪತ್ತು ಗುಂಟೆ ಅಂತ ಹಿರಿಯರ ಮುಂದೆ ಮಾತಾಗಿದೆ. ದಾರಿ ಕಡೆಯಿಂದ ಭಾಗ ಮಾಡಿ ಕಲ್ಲು ಹಾಕಿಕೊಡಬೇಕು. 24ಕ್ಕೆ ರಿಜಿಸ್ಟ್ರೇಷನ್.

ಇವತ್ತು ಇವರೇ ಕಂಪ್ಯೂಟರ್ ಮುಂದೆ ಕೂತರು. ಕಿವಿಯಲ್ಲಿ ಫೋನ್, ಆ ಕಡೆ ಸ್ನೇಹಾ. ಹೊಲ ಭಾಗ ಮಾಡುವ ಟೂಲ್ ಇದೆ ಇದರಲ್ಲಿ. ಎಷ್ಟು ಬೇಕೋ ಟೈಪ್ ಮಾಡಿದರೆ ಗೆರೆ ತಾನೇ ಸರಿದು ನಿಲ್ಲುತ್ತದೆ. ಇವರು 1.20 ಟೈಪ್ ಮಾಡಿದರು. ಗೆರೆ ನಿಂತಿತು. ನಡುವೆ 1.20 ಅಂತ ಬರೆದೂ ಬಂತು.

ಹಿಂದೆ ನಿಂತು ನೋಡುತ್ತಿದ್ದೆ. ತಪ್ಪು.

ಎಕರೆಗೆ ನಲವತ್ತು ಗುಂಟೆ. ಇಪ್ಪತ್ತು ಗುಂಟೆ ಅಂದರೆ ಅರ್ಧ ಎಕರೆ. ಕಂಪ್ಯೂಟರಿಗೆ ಗುಂಟೆ ತಿಳಿಯದು, ಅದಕ್ಕೆ 1.50 ಅನ್ನಬೇಕು. 1.20 ಅಂದರೆ ಒಂದು ಎಕರೆ ಎಂಟೇ ಗುಂಟೆ ಅಂತ ಹಿಡಿಯುತ್ತದೆ. ಹನ್ನೆರಡು ಗುಂಟೆ ಕಡಿಮೆ. ಹದಿನೇಳು ವರ್ಷದಿಂದ ಇವರು 'ಒಂದು ಎಕರೆ ಇಪ್ಪತ್ತು' ಅಂತ ಓದುತ್ತಾರೆ, ನಾನು ಸುಮ್ಮನೆ 1.50 ಒತ್ತುತ್ತೇನೆ, ನಕ್ಷೆಯ ಮೇಲೆ ಮತ್ತೆ ಎಕರೆ-ಗುಂಟೆ ಮಾಡಿ ಬರೆಯುತ್ತೇನೆ. ಹಾಗೊಂದು ಕೆಲಸ ಇದೆ ಅನ್ನುವುದೇ ಇವರಿಗೆ ಗೊತ್ತಿಲ್ಲ. ಆಕೆಗೂ ಹೊಳೆಯಲಿಲ್ಲ, ಗಣಿಯವರದು ಹೆಕ್ಟೇರ್ ಲೆಕ್ಕ.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಫೋನಿಗೆ, "ಎರಡು ನಿಮಿಷದಾಗ ಆತು ನೋಡವಾ. ನಮ್ಮ ಮನಿಯಾಕಿ ಆಗಿದ್ರ ಅರ್ಧ ದಿನ ಹಿಡೀತಿದ್ಲು" ಅಂದರು.

ಬಾಯಿ ಮುಚ್ಚಿದೆ. ಪಕ್ಕದಲ್ಲೇ ಮೂಕಪ್ಪನ ಭಾಗದಲ್ಲಿ 3.05 ಅಂತ ಬಿದ್ದಿತ್ತು, ಅವನಿಗೆ ಉಳಿಯಬೇಕಾದ್ದು ಎರಡು ಎಕರೆ ಮೂವತ್ತು ಗುಂಟೆ. ಅದನ್ನು ನೋಡಿದ್ದರೂ ಇವರಿಗೆ ಸಂಶಯ ಬರುತ್ತಿತ್ತು. ನೋಡಲಿಲ್ಲ. ಅಕ್ಕನ ಭಾಗವನ್ನಷ್ಟೇ ಪ್ರಿಂಟ್ ತೆಗೆದುಕೊಂಡರು. ಹೋಗಲಿ ಹೊಲಕ್ಕೆ. ಎಡವಿ ಬಂದು ನನ್ನನ್ನೇ ಕೇಳಲಿ.

ಜನವರಿ 18, ಶನಿವಾರ

ಎಡವಲಿಲ್ಲ. ಕಲ್ಲು ಹಾಕಿ ಬಂದರು. ಮಷೀನ್ ತೋರಿಸಿದ ಜಾಗದಲ್ಲಿ ಇವರ ಸಹಾಯಕ ತಾಯಪ್ಪ ಗುಣಿ ತೋಡಿದ, ಹಿರಿಯರು ತಲೆಯಾಡಿಸಿದರು, ಎಲ್ಲರೂ ಚಹಾ ಕುಡಿದರು. ಅಷ್ಟೇ.

ಬೆಳಿಗ್ಗೆ ಹೇಳಬಹುದಿತ್ತು. ನಿನ್ನೆಯೂ. ಯಾಕೋ ಇವರು ಕೇಳಲಿ ಅಂತಲೇ ಕಾದೆ. 24ಕ್ಕೆ ಇನ್ನೂ ಆರು ದಿನ ಇದೆ.

ಜನವರಿ 21, ಮಂಗಳವಾರ, ಮಧ್ಯಾಹ್ನ 2

ದುರುಗವ್ವ ಬಂದಿದ್ದಳು. ಮೊದಲ ಸಲ ನೋಡಿದ್ದು. ಅರವತ್ತು ದಾಟಿರಬೇಕು. ಕಂಪ್ಲಿಯಲ್ಲಿ ಬಸ್ಸು ಬದಲಿಸಿ, ಆಫೀಸು ಎಲ್ಲಿ ಎಂದು ಕೇಳುತ್ತ ಕೇಳುತ್ತ ಬಂದಿದ್ದಾಳೆ. ಇವರು ಸಂಡೂರಿಗೆ ಹೋಗಿದ್ದರು. ಕೂರಿ ಎಂದರೆ ನೆಲದ ಮೇಲೆ ಕೂತಳು. ನೀರು ಕೊಟ್ಟೆ.

ಹೊಲವನ್ನು ಹೆಜ್ಜೆ ಹಾಕಿ ಅಳೆದಿದ್ದಾಳೆ. ಎರಡು ಸಲ. ಕಾಲುವೆ ನೀರು ಬಿಡುವ ತೂಬು ತನ್ನ ಕಡೆ ಬರಬೇಕಿತ್ತು, ಕಲ್ಲು ಅದಕ್ಕೂ ಈಚೆಗೇ ನಿಂತಿದೆ. ತಮ್ಮನಿಗೆ ಹೇಳಿದರೆ ಕಂಪ್ಯೂಟರ್ ಸುಳ್ಳು ಹೇಳುತ್ತದೇನು ಅನ್ನುತ್ತಾನಂತೆ.

"ಊರಾಗ ನಗ್ತಾರವ್ವ, ಮುದುಕಿಗೆ ಆಸಿ ಹೆಚ್ಚಾತು ಅಂತ. ನನಗ ಓದು ಬರಲ್ಲ. ನೀವು ಹೆಣ್ಮಗಳು, ನೀವು ಹೇಳ್ರಿ. ನಂದೇ ತಪ್ಪೇನು?"

ಒಂದೇ ಮಾತು ಸಾಕಿತ್ತು. ಇಲ್ಲ ಅನ್ನಲು ಎಷ್ಟು ಹೊತ್ತು? "ಅವ್ರು ಬರ್ಲಿ, ಕೇಳ್ತೀನ್ರಿ" ಎಂದೆ. ತಲೆಯಾಡಿಸಿ ಎದ್ದಳು. ಸೀರೆಯ ಸೆರಗಿನಿಂದ ಒಂದಿಷ್ಟು ಹಸಿ ಕಡಲೆ ಬಿಚ್ಚಿ ಮೇಜಿನ ಮೇಲಿಟ್ಟು ಹೋದಳು. ಇನ್ನೂ ಅಲ್ಲೇ ಇದೆ. ಮುಟ್ಟಲು ಆಗುತ್ತಿಲ್ಲ.

ಜನವರಿ 22, ಬುಧವಾರ, ಬೆಳಿಗ್ಗೆ 8

ಹೇಳಿದೆ. ಇವರು ಶೂ ಹಾಕಿಕೊಳ್ಳುತ್ತಿದ್ದರು. ಕಾಗದದ ಮೇಲೆ 1.20, 1.50 ಅಂತ ಎರಡು ಅಂಕಿ ಬರೆದು ತೋರಿಸಿದೆ. ನೋಡಿದರು, ಮತ್ತೆ ನೋಡಿದರು. 

"ಯಾವಾಗ ಗೊತ್ತಾತು ನಿನಗ?"

"ನೀವು ಟೈಪ್ ಮಾಡಿದಾಗ್ಲೇ."

"ಮತ್ಯಾಕ ಸುಮ್ಕಿದ್ದಿ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನೀವು ನನ್ನ ಬಾಜೂ ಕುಂತು ಹದಿನಾರು ದಿನ ಆತು" ಎಂದೆ.

ಕೈಯಲ್ಲಿದ್ದ ಶೂ ಕೆಳಗಿಟ್ಟರು. "ಅದಕ್ಕ ಆ ಹೆಣ್ಮಗಳ ಹೊಲ ಕಡಿಮಿ ಮಾಡಿದಿ ಏನು?" ಅಂದರು. ದನಿ ಏರಿಸಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ.

ಜನವರಿ 23, ಗುರುವಾರ

ಎಮ್ಮಿಗನೂರಿಗೆ ನಾನೂ ಹೋಗಿದ್ದೆ. ಇವರು ಬೇಡವೆನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಹದಿನೇಳು ವರ್ಷ ಹೊಲ ಬಿಡಿಸಿದವಳು, ಅಳತೆ ನಡೆಯುವ ಹೊಲದಲ್ಲಿ ನಿಂತದ್ದು ಇವತ್ತೇ ಮೊದಲು.

ಕಲ್ಲು ಕಿತ್ತು ಹೊಸ ಜಾಗಕ್ಕೆ ಹಾಕಿದರು. ತೂಬು ದುರುಗವ್ವನ ಕಡೆ ಬಂತು. ಮೂಕಪ್ಪ ಆಗಲೇ ಬದು ಕಟ್ಟಿಬಿಟ್ಟಿದ್ದ, ಗೊಣಗಿದ. ಇವರು ಎಲ್ಲರ ಮುಂದೆ ತಪ್ಪು ನಂದು ಅಂದರು. ನನ್ನ ಕಡೆ ನೋಡಲೂ ಇಲ್ಲ. ಹಿರಿಯರೊಬ್ಬರು, ಬಿಡ್ರಿ, ಮಷೀನ್ ಅಂದ ಮೇಲೆ ತಪ್ಪಾಗುತ್ತದೆ ಅಂತ ಮುಗಿಸಿಬಿಟ್ಟರು. ಅಲ್ಲಿಗೆ ಬಿಡಬಹುದಿತ್ತು. ದುರುಗವ್ವ ನಗುತ್ತ ನನ್ನ ಕೈ ಹಿಡಿದುಕೊಂಡಳು, ನೀವು ಕೇಳಿದ್ದಕ್ಕೇ ಆತು ಅಂತ. ಆ ಕೈ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಮೊದಲೇ ಗೊತ್ತಿತ್ತು, ನೀವು ಬಂದ ದಿನವೂ ಗೊತ್ತಿತ್ತು.

ಕೈ ಬಿಟ್ಟಳು. ತೂಬಿನ ಕಡೆ ನೋಡುತ್ತ ನಿಂತಳು.

"ಮಷೀನಿಗೆ ಗೊತ್ತಿರ್ಲಿಲ್ಲ. ನಿನಗ ಗೊತ್ತಿತ್ತು" ಅಂದಳು.

ನೀವು ಅನ್ನುತ್ತಿದ್ದವಳು. ನೀನು ಅಂದಳು. ಬಸ್ಸಿನಲ್ಲಿ ಇವರು ಮುಂದಿನ ಸೀಟಿನಲ್ಲಿ ಕೂತರು, ಹಿಂದೆ ನನ್ನ ಪಕ್ಕ ಜಾಗ ಇತ್ತು.

ಜನವರಿ 28, ಮಂಗಳವಾರ

ಸ್ನೇಹಾ ಫೋನ್ ಮಾಡಿದ್ದಳು, ನನಗೆ. ಇವರು ಆಕೆಗೆ ಏನು ಹೇಳಿದ್ದಾರೋ, ನನ್ನ ಹೆಸರಂತೂ ಎತ್ತಿಲ್ಲ. ತಪ್ಪು ತನ್ನದು, ಸರ್‌ಗೆ ಯೂನಿಟ್ ಯಾವುದೆಂದು ತಾನೇ ಕೇಳಬೇಕಿತ್ತು, ಮೂರು ದಿನದಿಂದ ನಿದ್ದೆ ಇಲ್ಲ ಅಂದಳು. ಹದಿನೇಳು ವರ್ಷ ಇದನ್ನು ನೀವೊಬ್ಬರೇ ತಲೆಯಲ್ಲಿ ಲೆಕ್ಕ ಹಾಕುತ್ತಿದ್ದಿರೇನಕ್ಕಾ ಅಂತಲೂ ಕೇಳಿದಳು. ಈ ಮಾತನ್ನು ಇವರ ಬಾಯಲ್ಲಿ ಕೇಳಲೆಂದೇ ನಾನು ಇಷ್ಟೆಲ್ಲ ಮಾಡಿದ್ದು. ಬಂದದ್ದು ಆಕೆಯ ಬಾಯಿಂದ. ಒಳ್ಳೆಯತನದಲ್ಲೂ ನನಗಿಂತ ಮುಂದೆ. ಅದಕ್ಕೂ ಹೊಟ್ಟೆ ಉರಿಯಿತು. ನಾಚಿಕೆಯಿಲ್ಲದ ಹೊಟ್ಟೆ.

ಫೆಬ್ರವರಿ 4, ಮಂಗಳವಾರ

ಟ್ರಯಲ್ ಮುಗಿಯುತ್ತ ಬಂತು. ಬಾಗಿಲಲ್ಲೇ ನಿಂತು ಕೇಳಿದರು, ಹೂಂನೋ ಬ್ಯಾಡೋ. ಹೂಂ ಎಂದೆ. ಕೆಲಸಕ್ಕೆ ಒಳ್ಳೆಯದು, ಅದರಲ್ಲಿ ದೋಷವಿಲ್ಲ. ತಲೆಯಾಡಿಸಿ ಹೋದರು. ಪಕ್ಕದ ಕುರ್ಚಿಯ ಮೇಲೆ ಈಗ ಪ್ರಿಂಟರ್ ಕಾಗದದ ಕಟ್ಟು ಇದೆ.

ಫೆಬ್ರವರಿ 6, ಗುರುವಾರ, ಬೆಳಿಗ್ಗೆ 11

ಕೊಂಡ ಮೇಲೆ ಮೊದಲ ಕೆಲಸ. ಕಂಪ್ಲಿ ರಸ್ತೆಯ ಹೊಲ, ಒಂದು ಭಾಗ ಎರಡು ಎಕರೆ ಮೂವತ್ತು ಗುಂಟೆ. 2.75 ಟೈಪ್ ಮಾಡಿದೆ, ಗೆರೆ ನಿಂತಿತು.

ಇವರು ಬಂದು ಹಿಂದೆ ನಿಂತರು. ಮೇಜಿನ ಡ್ರಾಯರಿನಿಂದ ಕ್ಯಾಲ್ಕುಲೇಟರ್ ತೆಗೆದರು. ಮೂವತ್ತನ್ನು ನಲವತ್ತರಿಂದ ಭಾಗಿಸಿದರು. ಅಳಿಸಿ ಇನ್ನೊಮ್ಮೆ ಭಾಗಿಸಿದರು. ನನ್ನ ಒಂದು ಅಂಕಿಯನ್ನೂ ಇವರು ಹಿಂದೆಂದೂ ತಿರುಗಿ ನೋಡಿದವರಲ್ಲ. ಆ ಕೆಲಸ ಇವರ ಕಣ್ಣಿಗೆ ಬೀಳಲಿ ಅಂತ ಆಸೆಪಟ್ಟಿದ್ದೆ. ಬಿತ್ತು.

"ಒಂದ್ಸಲ ಸ್ನೇಹಾನೂ ನೋಡ್ಲಿ. ತಪ್ಪು ತಿಳೀಬ್ಯಾಡ" ಅಂತ ಫೈಲನ್ನು ಇಲ್ಲಿಂದಲೇ ವಾಟ್ಸಾಪ್ ಮಾಡಿ, ತಾಯಪ್ಪನನ್ನು ಕರೆದುಕೊಂಡು ಹೊರಟರು.

ವಾಟ್ಸಾಪ್ ಈ ಕಂಪ್ಯೂಟರಿನಲ್ಲೇ ತೆರೆದಿದೆ. ಆಕೆ ಟೈಪ್ ಮಾಡುತ್ತಿದ್ದಾಳೆ ಅಂತ ತೋರಿಸುತ್ತಿದೆ. ನಿಂತಿತು. ಮತ್ತೆ ಟೈಪ್… 2.75 ಸರಿಯೇ. ನನಗೆ ಗೊತ್ತು. ಗೊತ್ತಿದ್ದೂ ಇಲ್ಲಿ ಕೂತು, ಆಕೆ ಸರಿ ಅನ್ನಲಿ ಅಂತ ಕಾಯುತ್ತಿದ್ದೇನೆ.